ಬೀರುವಿನ ಕೀಲಿಯ ಕುರಿತು

೧. ಬರೆಯುವವನು: ನಿನ್ನ ಪತಿ, ಪರದೇಶದ ಮಿಷನ್ ಆಸ್ಪತ್ರೆಯ ಉಗ್ರಾಣ ಪಾಲಕ.
೨. ಪಡೆಯುವವಳು: ತೀರಿಹೋಗಿ ಪ್ರಭುವಿನಲ್ಲಿ ನಿದ್ರಿಸುತ್ತಿರುವ ನೀನು.
೩. ವಿಷಯ: ಇಂದು ಒದಗಿದ ಅಪಾಯ.

ನಮ್ಮ ಚಾಲಕನ ಮೇಲೆ ನನಗೆ ಮೊದಲಿನಿಂದಲೂ ಗುಮಾನಿ. ಮರೆಯಲ್ಲಿ ನಿಂತು ಫೋನಿನಲ್ಲಿ ಪಿಸುಗುಟ್ಟುವ ಅವನಿಗೆ ಹೆದರಿ ಉಗ್ರಾಣದ ಕೀಲಿಯನ್ನು ಸೊಂಟಕ್ಕೇ ಸಿಕ್ಕಿಸಿಕೊಂಡಿದ್ದೆ. ಇಂದು ಔಷಧ ತರುವಾಗ ಬಂದೂಕುಧಾರಿಗಳು ವಾಹನ ತಡೆದರು. ಇವನೇ ನನ್ನನ್ನು ಒಪ್ಪಿಸಿದನೆಂದು ನಿಶ್ಚಯಿಸಿದೆ.

“ಯಾರೋ ಈ ಮುದುಕ? ಮಿಷನ್ನಿನವನಾ?” ಎಂದು ಅವರಲ್ಲೊಬ್ಬ ಚಾಲಕನನ್ನು ಕೇಳಿದ.

ನನ್ನ ಎಂದಿನ ಉದ್ದನೆಯ ಪ್ರಾರ್ಥನೆಯ ಒಂದು ಪದವೂ ನೆನಪಾಗಲಿಲ್ಲ. “ಕೈಬಿಡಬೇಡಪ್ಪಾ” ಎಂದಷ್ಟೇ ಗೊಣಗಿದೆ. ದೇವರಿಗೆ ಹೇಳಿದೆನೋ, ಚಾಲಕನಿಗೋ, ತಿಳಿಯದು.

“ನಮ್ಮಪ್ಪ ಕಣಣ್ಣ. ಕಿವಿ ಮಂದ, ಹಠ ಜಾಸ್ತಿ,” ಎಂದ ಚಾಲಕ.

“ಎಲ್ಲರ ಅಪ್ಪಂದಿರೂ ಅಷ್ಟೇ. ಹೋಗು!” ಎಂದು ನಕ್ಕು ನಮ್ಮನ್ನು ಬಿಟ್ಟರು.

ಅವರು ಅವನಿಗೆ ಪರಿಚಿತರೇ ಎಂಬ ಶಂಕೆ ಈಗಲೂ ಇದೆ. ಆದರೂ ಮರಳಿದೊಡನೆ ಉಗ್ರಾಣದ ಕೀಲಿಯನ್ನು ಅವನ ಕೈಗಿತ್ತೆ.

“ಜ್ವರ ಗಿರ ಬಂತಾ, ಅಪ್ಪಾ?” ಎಂದು ಛೇಡಿಸಿದ.

ಹಿಂದೊಮ್ಮೆ ನೀನು ಬೀರುವಿನ ಕೀಲಿ ಕೇಳಿ, ನಾನು ಕೊಡದಿದ್ದಾಗ, “ಹೆಂಡತೀನೇ ನಂಬದೋರು ದೇವರನ್ನ ಹೇಗ್ರೀ ನಂಬ್ತೀರಿ?” ಎಂದಿದ್ದೆ. ಸದರಿ ಪ್ರಶ್ನೆಗೆ ಉತ್ತರವನ್ನು ಈ ಮೂಲಕ ಸಲ್ಲಿಸಿದ್ದೇನೆ.

ಇಂತು,
ನಿನ್ನ ಯಜಮಾನ
(ಸಹಿ)

ಲಗತ್ತು: ನಮ್ಮ ಮನೆಯ ಬೀರುವಿನ ಕೀಲಿ, ಒಂದು.