ಗುಂಡನ ನಾತ

ರೀ,

ನೀವು ತೀರಿಕೊಂಡ ಮೇಲೆ ಮನೆಯಲ್ಲಿ ಏನಾಯಿತೆಂದು ನಿಮಗಲ್ಲದೆ ಇನ್ಯಾರಿಗೆ ಹೇಳಲಿ? ಸೂತಕ ಕಳೆಯಲೆಂದು ನಿಮ್ಮವ್ವ ವೈದ್ಯನಾಥಪುರದಿಂದ ಬಾಟಲಿಯಲ್ಲಿ ಹಸುವಿನ ಗಂಜಲ ತರಿಸಿ ಮೂಲೆಮೂಲೆಗೂ ಚಿಮುಕಿಸಿದರು. ನಿಮ್ಮ ಬೆಕ್ಕು ಗುಂಡ ಅದನ್ನು ಮೂಸಿತು. ತನ್ನ ಮನೆಗೆ ಬೇರೆ ಯಾವುದೋ ಪ್ರಾಣಿ ನುಗ್ಗಿದೆ ಅಂದುಕೊಂಡಿತೋ ಏನೋ, ಚಿಮುಕಿಸಿದ ಕಡೆಯೆಲ್ಲ ಬಾಲ ಎತ್ತಿ ಉಚ್ಚೆ ಹೊಯ್ದಿತು. ಅವ್ವ ಮತ್ತೆ ಗಂಜಲ ಹಾಕಿದರು. ಅದು ಮತ್ತೆ ಹೊಯ್ದಿತು. ಗುತ್ತಲಿನ ಈ ಪುಟ್ಟ ಮನೆಯಲ್ಲಿ ಮೂಗು ಮುಚ್ಚಿಕೊಂಡೇ ಉಣ್ಣಬೇಕಾಯಿತು.

ಇವತ್ತು ಬೆಳಿಗ್ಗೆ ಅವ್ವ ಗೋಣಿಚೀಲ ಹಿಡಿದು ನಿಂತರು. "ಮಧ್ಯಾನದೊಳ್ಗೆ ನಾತ ಓಗ್ನಿಲ್ಲ ಅಂದ್ರೆ ಇದ್ನ ಚೀಲಕ್ಕಾಕಿ ಬಾರತೀನಗರದಲ್ಲಿ ಬುಟ್ಬುಟ್ ಬತ್ತೀನಿ ಕಣಮ್ಮ," ಅಂದರು.

ನೀವು ಸಾಕಿದ ಜೀವ. ನಾನು ಎದ್ದೆನೋ ಬಿದ್ದೆನೋ ಎಂದು ಕೆಲಸಕ್ಕೆ ನಿಂತೆ. ನೆಲವನ್ನು ವಿನೆಗರ್ ಹಾಕಿ ಉಜ್ಜಿದೆ, ಹಾಸಿಗೆಯನ್ನು ಬಿಸಿಲಿಗೆ ಎಳೆದೆ. ಗುಂಡ ಗೂಟ, ಹಗ್ಗಗಳಿಂದ ಜಗ್ಗಿ ಮಂಚದಡಿಗೆ ಎಳೆದುಕೊಂಡು ಮಲಗಿದ್ದ ಬಟ್ಟೆಗಳನ್ನೆಲ್ಲ ಏನೆಂದೂ ನೋಡದೆ ಬಾಚಿ ಸೋಪಿನ ನೀರಿಗೆ ಅದ್ದಿದೆ.

ಮಧ್ಯಾಹ್ನ ಅವ್ವ ಒಂದೊಂದೇ ಮೂಲೆಗೆ ಬಗ್ಗಿ ಮೂಸಿದರು.

"ಓಯ್ತು ಬುಡು. ಇರ್ಲಿ ಅದು," ಅಂದು ಚೀಲ ಮಡಚಿಟ್ಟರು. ಆಮೇಲೆ ಗೋಡೆಯ ಖಾಲಿ ಗೂಟದ ಕಡೆ ನೋಡಿದರು.

"ಅವ್ನ ಅಂಗಿ ಎಲ್ಲದೆ? ಆಸ್ಪತ್ರೆಗೆ ಓಗೋವಾಗ ಬಿಚ್ಚಿಟ್ಟಿದ್ದು. ದಿನಾ ಒಂದ್ಸಲ ಮೂಸ್ತಿದ್ದೆ ಕಣಮ್ಮ."

ನಾನೂ ಮೂಸುತ್ತಿದ್ದೆ, ರೀ, ಅವ್ವ ಏಳುವುದಕ್ಕೆ ಮೊದಲು. ಹಿತ್ತಲಿನ ಬಕೆಟ್ಟಿನಲ್ಲಿ, ನೊರೆಯ ಮೇಲೆ, ಆ ಅಂಗಿಯ ಕಾಲರು ತೇಲುತ್ತಿತ್ತು.