ಇದ್ದಿಲಿನ ಡ್ರಮ್ಮು ಮತ್ತು ನಿಮ್ಮಪ್ಪನ ಮೂಗು

ಡೈರಿಯ ಹಿಂದಿನ ಮನೆ
ಮಾರ್ಚ್ ೯, ಭಾನುವಾರ

ಪ್ರೀತಿಯ ಮಗಳೇ,

ಹೇಗಿದ್ದೀಯಾ? ಕೆಮ್ಮು ಕಡಿಮೆಯಾಯಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ, ಬರೀ ಬಿಸ್ಕತ್ತಿನಲ್ಲಿ ದಿನ ದೂಡುತ್ತೀಯೋ? ಸುಳ್ಳು ಹೇಳಬೇಡ, ಫೋನಿನಲ್ಲಿ ನಿನ್ನ ದನಿ ಕೇಳಿದರೇ ನನಗೆ ತಿಳಿಯುತ್ತದೆ.

ನೀನು ರಜೆಗೆ ಬಂದಾಗ ಡೈರಿಯ ಸಗಣಿ ಗ್ಯಾಸಿನ ಪೈಪಿಗೆ ಕೂರಿಸಿಹೋದ ಇದ್ದಿಲಿನ ಡ್ರಮ್ಮಿಗೆ ಈಗ ನಿಮ್ಮಪ್ಪನೇ ಆಳು, ನಿಮ್ಮಪ್ಪನೇ ಒಡೆಯ. ಗ್ಯಾಸಿನೊಳಗಿನ ಕೊಳೆತ ಮೊಟ್ಟೆ ವಾಸನೆಯ ವಿಷವನ್ನೆಲ್ಲ ಇದ್ದಿಲು ಹೀರಿಕೊಳ್ಳುತ್ತದೆ, ಅದರಿಂದ ಗ್ಯಾಸಿನಲ್ಲಿ ಓಡುವ ಡೈರಿಯ ಇಂಜಿನ್ನು ತುಕ್ಕು ಹಿಡಿಯುವುದಿಲ್ಲ ಎಂದು ಹಾಲು ಹಾಕಲು ಬಂದವರಿಗೆಲ್ಲ ಪಾಠ ಹೇಳುತ್ತಾರೆ. ಕೊನೆಗೆ ‘ನನ್ನ ಮಗಳು ಮಾಡಿದ್ದು’ ಎನ್ನದೆ ಯಾರನ್ನೂ ಬಿಡುವುದಿಲ್ಲ. ಆ ವಿಷವನ್ನು ಅಳೆಯುವ ಮೀಟರು ತರುವವರೆಗೆ ಹೀಗೆ ಮಾಡಿ ಎಂದು ನೀನು ಹೇಳಿಕೊಟ್ಟಂತೆ, ಬೆಳಿಗ್ಗೆ ಡ್ರಮ್ಮಿನ ಆಚೆಯ ನಲ್ಲಿಯನ್ನು ಚೂರೇ ತಿರುಗಿಸಿ ಮೂಸುತ್ತಾರೆ. ವಾಸನೆ ಬಂದರೆ ಇದ್ದಿಲು ಬದಲಿಸಬೇಕು ತಾನೇ? ಅವರಿಗೆ ಬರುವುದೇ ಇಲ್ಲ. ‘ನೋಡೇ, ಇದ್ದಿಲು ಇನ್ನೂ ಗಟ್ಟಿಮುಟ್ಟಾಗಿದೆ’ ಎಂದು ಬೀಗುತ್ತಾರೆ.

ಆದರೆ ಕಳೆದ ವಾರ ಅಡುಗೆಮನೆಯ ಗೂಡಿನಲ್ಲಿಟ್ಟಿದ್ದ ನಿನ್ನ ಚಿಕ್ಕಂದಿನ ಬೆಳ್ಳಿ ಲೋಟ ಕಪ್ಪಾಯಿತು. ತಿಕ್ಕಿಟ್ಟರೆ ಮತ್ತೆ ಕಪ್ಪು. ಅದೇ ಗ್ಯಾಸು ನಮ್ಮ ಒಲೆಗೂ ಬರುತ್ತದಲ್ಲ ಎಂದು ಅನುಮಾನವಾಗಿ, ಅವರು ನಲ್ಲಿ ತಿರುಗಿಸುವಾಗ ನಾನೂ ಹೋಗಿ ನಿಂತೆ. ಕೊಳೆತ ಮೊಟ್ಟೆ ವಾಸನೆ ಮುಖಕ್ಕೇ ಹೊಡೆಯಿತು, ಸೆರಗಿನಿಂದ ಮೂಗು ಮುಚ್ಚಿಕೊಂಡೆ. ನಿಮ್ಮಪ್ಪ ಮಾತ್ರ ಅಲ್ಲೇ ನಗುತ್ತಾ ನಿಂತಿದ್ದರು. ನಾನು ವಾಸನೆಯ ಮಾತೆತ್ತಲಿಲ್ಲ. ಲೋಟ ಕಪ್ಪಾಗುತ್ತಿದೆ, ಇದ್ದಿಲು ಬದಲಿಸಿ ಎಂದಷ್ಟೇ ಅಂದೆ. ಗೊಣಗುತ್ತಲೇ ಬದಲಿಸಿದರು. ಈಗ ಲೋಟ ಬೆಳ್ಳಗಿದೆ. ನೀನು ಬಂದಾಗ ಅದರಲ್ಲೇ ಹಾಲು ಕೊಡುತ್ತೇನೆ, ದೊಡ್ಡವಳಾದೆ ಎಂದು ಮೂಗು ಮುರಿಯಬೇಡ.

ಮೈ ಹುಷಾರು. ಹಿಡಿದ ಕೆಲಸವೆಲ್ಲ ನಿನ್ನ ಕೈಗೆ ಹತ್ತಲಿ ಕಂದಾ.

ನಿನ್ನ
ಅಮ್ಮ

ಇನ್ನೊಂದು ಮಾತು: ಫೋನಿನಲ್ಲಿ ಹೇಳೋಣವೆಂದರೆ ಅವರು ಪಕ್ಕದಲ್ಲೇ ಇರುತ್ತಾರೆ. ನಿಮ್ಮಪ್ಪನಿಗೆ ಯಾವ ವಾಸನೆಯೂ ತಿಳಿಯುತ್ತಿಲ್ಲ. ನಿನ್ನೆ ಒಲೆಯ ಮೇಲೆ ಹಾಲು ಸೀದು ಕರಕಲಾಯಿತು. ಎದುರಿಗೇ ಪೇಪರು ಓದುತ್ತಿದ್ದವರು ತಲೆ ಎತ್ತಲಿಲ್ಲ. ನಾಳೆ ಪೈಪು ಸೋರಿದರೆ ಏನು ಗತಿ ಎಂದು ನನ್ನ ಜೀವ ಹೊಡೆದುಕೊಳ್ಳುತ್ತಿದೆ. ಮೀಟರು ತೆಗೆದುಕೊಂಡು ಬೇಗ ಬಾ, ಬಂದವಳೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ನನ್ನ ಮಾತು ಕೇಳದಿದ್ದರೂ ನಿನ್ನ ಮಾತು ಕೇಳುತ್ತಾರೆ. ಇವತ್ತು ಬೆಳಿಗ್ಗೆ ನೀನು ಬಿಟ್ಟುಹೋದ ಸ್ವೆಟರನ್ನು ಮೂಗಿಗೆ ಹಿಡಿದುಕೊಂಡು, ‘ಇನ್ನೂ ಅವಳ ವಾಸನೆ ಇದೆ ಕಣೇ’ ಅಂದರು. ಅದನ್ನು ಮೊನ್ನೆಯೇ ಸೋಪು ಹಾಕಿ ತೊಳೆದು ಒಣಗಿಸಿದ್ದೆ. ‘ಹೌದು, ಇದೆ’ ಅಂದೆ.