ನಲವತ್ತರ ಮೇಲೆ ನಿಂತಿದ್ದ ಮುಳ್ಳು

ವಾಹನಗಳ ವೇಗಕ್ಕೆ ಲಗಾಮು ಹಾಕುವ ಕಚೇರಿಯ ಮಾನ್ಯ ಅಧಿಕಾರಿಗಳೇ,

ಶಾಲಾ ವ್ಯಾನ್ ಓಡಿಸುವ ನನ್ನ ಸೋದರಳಿಯನ ಪರವಾನಗಿಯನ್ನು ತಾವು ಕಿತ್ತುಕೊಂಡು ಇವತ್ತಿಗೆ ಐವತ್ತೊಂದು ದಿನ. ವೇಗದ ಮಿತಿ ಗಂಟೆಗೆ ನಲವತ್ತು ಕಿಲೋಮೀಟರ್, ತಾವು ಕೂರಿಸಿದ ಜಿಪಿಎಸ್ ಪೆಟ್ಟಿಗೆ ಬರೆದುಕೊಂಡದ್ದು ನಲವತ್ತನಾಲ್ಕು, ಅದೂ ಹನ್ನೊಂದು ಸಲ. "ಮೀಟರಿನ ಮುಳ್ಳು ನಲವತ್ತು ದಾಟಿಲ್ಲ ಸಾರ್" ಎಂದು ಅವನು ಅಂದಾಗ ತಾವು ತಲೆಯನ್ನೂ ಎತ್ತದೆ ಹೇಳಿದಿರಿ: "ಮುಳ್ಳು ಸುಳ್ಳು ಹೇಳತ್ತೆ, ಉಪಗ್ರಹ ಹೇಳಲ್ಲ."

ನಾನು ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸು ಮುಗಿಸಿ ಮೂವತ್ತೆಂಟು ವರ್ಷ ಬಸ್ಸು ಓಡಿಸಿದವನು. ಕಿಟಕಿ ಗಾಜು ನಡುಗುವ ಸದ್ದು ಕೇಳಿಯೇ ವೇಗ ಹೇಳುತ್ತಿದ್ದೆ; ನನ್ನನ್ನು ಪರೀಕ್ಷಿಸಲು ಬಂದ ಕಂಡಕ್ಟರುಗಳೆಲ್ಲ ಸೋತು ಸುಣ್ಣವಾದರು. ಅಂಥವನಿಗೆ ಉಪಗ್ರಹದ ಪಾಠವೇ? ತಮ್ಮ ದಾಖಲೆಯನ್ನೇ ತಿರುವಿ ನೋಡಿ. ಒಂದು ಭಾನುವಾರ, ತಗಡಿನ ಶೆಡ್ಡಿನಲ್ಲಿ ಬೀಗ ಹಾಕಿ ನಿಲ್ಲಿಸಿದ್ದ ನಮ್ಮ ವ್ಯಾನು ಗಂಟೆಗೆ ಆರು ಕಿಲೋಮೀಟರಿನಂತೆ ಅಡ್ಡಾಡಿದೆ. ಕೂತು ಕೂತು ಕಾಲು ಜೋಮು ಹಿಡಿದಿತ್ತೋ ಏನೋ.

ಉಪಗ್ರಹದ ಸುಳ್ಳನ್ನು ಕೈಯಾರೆ ಹಿಡಿದುಕೊಡುತ್ತೇನೆಂದು ಹೊರಟೆ. ಮರವಿಲ್ಲದ, ಕಟ್ಟಡವಿಲ್ಲದ ನೇರ ರಸ್ತೆ, ಕಿಲೋಮೀಟರ್ ಕಲ್ಲುಗಳು, ಕೈಯಲ್ಲಿ ಗಡಿಯಾರ. ಮೊದಲು ನನ್ನ ಹಳೇ ಕಾರು. ಮುಳ್ಳನ್ನು ಅರವತ್ತಕ್ಕೆ ನಿಲ್ಲಿಸಿದರೆ ಕಲ್ಲಿನಿಂದ ಕಲ್ಲಿಗೆ ಅರವತ್ತಮೂರು ಸೆಕೆಂಡು. ಭಾಗಿಸಿದೆ: ಐವತ್ತೇಳು. ಪಕ್ಕದಲ್ಲಿಟ್ಟ ಮೊಬೈಲಿನ ಜಿಪಿಎಸ್ ಕೂಡ ಐವತ್ತೇಳೇ ಅಂದಿತು. ಮುಳ್ಳು ತುಸು ಹೆಚ್ಚೇ ತೋರಿಸುವಂತೆ ಮಾಡಿರುತ್ತಾರೆ, ಅದು ನನಗೂ ಗೊತ್ತು. ತಲೆಯ ಮೇಲೆ ತಗಡಿಲ್ಲದೆ ಬರೀ ಆಕಾಶವಿದ್ದು, ವೇಗ ಒಂದೇ ಸಮ ಇದ್ದರೆ ಉಪಗ್ರಹ ಸಾಚಾ ಎಂಬುದನ್ನು ಮಾತ್ರ ಅವತ್ತು ಕಲಿತೆ.

ಆಮೇಲೆ ವ್ಯಾನು. ಮುಳ್ಳು ನಲವತ್ತರಲ್ಲಿ. ತೊಂಬತ್ತು ಸೆಕೆಂಡು ಹಿಡಿಯಬೇಕಾದ ಕಲ್ಲು ಎಂಬತ್ತೆರಡಕ್ಕೇ ಬಂದುಬಿಟ್ಟಿತು. ಭಾಗಿಸಿದೆ. ನಂಬದೆ ಮತ್ತೆ ಓಡಿಸಿ ಮತ್ತೆ ಭಾಗಿಸಿದೆ. ನಲವತ್ತನಾಲ್ಕು. ಇಲ್ಲಿ ಮುಳ್ಳು ಕಡಿಮೆ ತೋರಿಸುತ್ತಿತ್ತು.

ಕಾರಣ ನಾನೇ, ಮಾನ್ಯರೇ. ಹೋದ ವರ್ಷ, ರಸ್ತೆಯ ಗುಂಡಿಗೆ ವ್ಯಾನಿನ ಹೊಟ್ಟೆ ತಾಗುತ್ತದೆಂದು ನಾಲ್ಕು ಬೆರಳು ಎತ್ತರದ ಟೈರುಗಳನ್ನು ತಂದು ಹಾಕಿದವನು ನಾನು. "ಮಾವ, ಮೀಟರ್ ಹೆಚ್ಚುಕಮ್ಮಿ ಆಗಲ್ವಾ?" ಎಂದು ಅಳಿಯ ಕೇಳಿದ್ದ. "ನಂಗೇ ಪಾಠ ಹೇಳ್ತೀಯೇನೋ? ಮುಳ್ಳು ಯಾವತ್ತೂ ಜಾಸ್ತಿನೇ ತೋರ್ಸೋದು, ಕಣ್ಮುಚ್ಕೊಂಡು ನಂಬು" ಅಂದಿದ್ದೆ. ಮುಳ್ಳು ಎಣಿಸುವುದು ಚಕ್ರದ ಸುತ್ತನ್ನು. ಚಕ್ರ ದೊಡ್ಡದಾದರೆ ಅದೇ ಸುತ್ತಿಗೆ ಗಾಡಿ ಹೆಚ್ಚು ದೂರ ಹೋಗುತ್ತದೆ. ಪಾಪದ ಮುಳ್ಳಿಗೆ ಅದು ಹೇಗೆ ತಿಳಿಯಬೇಕು?

ವಿಚಾರಣೆಯ ದಿನ "ಗಾಡಿಗೆ ಏನಾದ್ರೂ ಬದಲಾಯಿಸಿದ್ಯೇನಪ್ಪಾ?" ಎಂದು ತಾವು ಕೇಳಿದ್ದು ನೆನಪಿರಬಹುದು. ಅವನು ಪಕ್ಕದಲ್ಲೇ ನಿಂತಿದ್ದ ನನ್ನ ಮುಖವನ್ನೊಮ್ಮೆ ನೋಡಿ "ಇಲ್ಲ ಸಾರ್" ಅಂದ. ಚಕ್ರದ ಮಾತು ನನ್ನ ನಾಲಿಗೆ ತುದಿಗೆ ಬಂದಿತ್ತು. ಹಾಳು ಜಂಬ ಅದನ್ನು ನುಂಗಿಕೊಂಡಿತು.

ಕಲ್ಲಿನ ಲೆಕ್ಕ ಮುಗಿಸಿ ಬಂದು ಕೇಳಿದೆ: "ನಿಂಗೆ ಗೊತ್ತಿತ್ತೇನೋ?"

"ಅಲ್ಲಿ ನಿಂತಾಗ್ಲೇ ಹೊಳೀತು ಮಾವ."

"ಮತ್ಯಾಕೆ ಬಾಯಿ ಬಿಡ್ಲಿಲ್ಲ?"

"ಅಷ್ಟು ಜನರ ಮುಂದೆ ನಿಮ್ಮ ಕಡೆ ಹೇಗೆ ಬೆರಳು ತೋರ್ಸ್ಲಿ? ಸ್ಟಿಯರಿಂಗ್ ಹಿಡಿಯೋದು ಕಲ್ಸಿದ್ದೇ ನೀವು."

ಈಗಲೂ ಬೆಳಿಗ್ಗೆ ಏಳೂಕಾಲಿಗೆ ಅವನು ವ್ಯಾನಿನ ಸೀಟುಗಳನ್ನು ಒರೆಸುತ್ತಾನೆ. ಮಕ್ಕಳು ಬೇರೆ ಗಾಡಿಯ ಕಿಟಕಿಯಿಂದ "ವ್ಯಾನ್ ಮಾಮಾ" ಎಂದು ಕೂಗಿ ಹೋಗುತ್ತವೆ. ಇವನು ಬಟ್ಟೆ ಹಿಡಿದ ಕೈಯನ್ನೇ ಎತ್ತುತ್ತಾನೆ. ಅಷ್ಟು ಹೊತ್ತು ನಾನು ಒಳಗೇ ಇರುತ್ತೇನೆ.

ತಮಗೂ ಒಂದು ಪ್ರಶ್ನೆ. ಆ ಟೈರು ಹಾಕಿದ ಮೇಲೆ ವ್ಯಾನಿಗೆ ಯೋಗ್ಯತಾ ಪತ್ರ ಕೊಟ್ಟದ್ದು ತಮ್ಮ ಕಚೇರಿಯೇ. ಹಾರ್ನ್ ಒತ್ತಿದಿರಿ, ದೀಪ ಉರಿಸಿದಿರಿ, ಮೊಹರು ಹೊಡೆದಿರಿ. ಮುಳ್ಳು ನಿಜ ಹೇಳುತ್ತಿದೆಯೇ ಎಂದು ನೋಡಿದವರು ಯಾರು? ಹಾಕಿದವನು ನಾನು, ಒಪ್ಪಿದವರು ತಾವು. ನಂಬಿ ಓಡಿಸಿದವನಿಗೆ ಮಾತ್ರ ಶಿಕ್ಷೆಯೇ?

ಹಳೇ ಅಳತೆಯ ಟೈರುಗಳನ್ನು ನಾನೇ ವಾಪಸ್ ಹಾಕಿದ್ದೇನೆ. ಗಡಿಯಾರ ಹಿಡಿದು ಬನ್ನಿ, ಕಲ್ಲುಗಳು ಅಲ್ಲೇ ಇವೆ. ಅವನ ಪರವಾನಗಿ ಹಿಂತಿರುಗಿಸಿ. ತಪ್ಪಿತಸ್ಥನ ಹೆಸರು ಬರೆಯುವ ಜಾಗ ಖಾಲಿ ಬಿಡಲಾಗದಿದ್ದರೆ ನನ್ನ ಹೆಸರು ಬರೆದುಕೊಳ್ಳಿ. ನನ್ನ ಪರವಾನಗಿಯನ್ನು ಈ ಪತ್ರದ ಜೊತೆಗೇ ಇಟ್ಟಿದ್ದೇನೆ.

ಇಂತಿ,
ಬಾಯಿ ಬಿಡಬೇಕಾದ ಒಂದೇ ಒಂದು ದಿನ ಸುಮ್ಮನಿದ್ದ,
ವ್ಯಾನ್ ಮಾಮನ ಸೋದರಮಾವ